ಯಾವ ಪ್ರಶ್ನೆಗೆ ಯಾವ ಭಂಡಾರ: ಆರೋಗ್ಯ ಮಾಹಿತಿಯ ಉಚಿತ ಡೇಟಾಬೇಸ್‌ಗಳನ್ನು ಹೋಲಿಸಿ ನೋಡಿದಾಗ

ತಂದೆಯವರ ಎದೆಬಡಿತ ತಾಳ ತಪ್ಪಿದೆ ಎಂದು ಇಸಿಜಿ ವರದಿ ಬಂದ ರಾತ್ರಿ ನಾನು ವೈದ್ಯಕೀಯ ಸಂಶೋಧನಾ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್ ತಾಣವನ್ನು ತೆರೆದು ಕುಳಿತೆ. ವರದಿಯಲ್ಲಿದ್ದ ‘ಏಟ್ರಿಯಲ್ ಫಿಬ್ರಿಲೇಶನ್’ ಎಂಬ ಹೆಸರನ್ನು ಹಾಕಿ ಹುಡುಕಿದಾಗ ಸಾವಿರ ಸಾವಿರ ಪ್ರಬಂಧಗಳು ಸಾಲುಗಟ್ಟಿದವು. ಅವುಗಳಲ್ಲಿ ನಾನು ಮೊದಲು ತೆರೆದದ್ದು ಒಬ್ಬ ರೋಗಿಗೆ ಬಂದ ಅಪರೂಪದ ತೊಡಕಿನ ವರದಿಯನ್ನು. ಅದನ್ನು ಓದಿ ಮುಗಿಸುವಷ್ಟರಲ್ಲಿ ನಿದ್ದೆ ಹಾರಿಹೋಗಿತ್ತು. ಮರುದಿನ ಅದನ್ನು ವೈದ್ಯರಿಗೆ ತೋರಿಸಿದಾಗ ಅವರು, ಅದು ಒಬ್ಬನೇ ಒಬ್ಬ ರೋಗಿಯ ಕಥೆ, ಅಪರೂಪವಾದ್ದರಿಂದಲೇ ಅಚ್ಚಾಗಿದೆ ಎಂದರು. ಪ್ರಬಂಧದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನನಗೆ ಆಗ ಬೇಕಿದ್ದದ್ದು ‘ಇದು ಏನು, ಮುಂದೇನು’ ಎಂಬ ವಿವರಣೆ. ನಾನು ತೆರೆದದ್ದು ಸಂಶೋಧಕರು ಸಂಶೋಧಕರಿಗಾಗಿ ಬರೆದದ್ದರ ಉಗ್ರಾಣವನ್ನು.

ಆ ಬಳಿಕ ಅದೇ ಕಾಯಿಲೆಯನ್ನು ಹಿಡಿದುಕೊಂಡು ಒಂದೊಂದೇ ಡೇಟಾಬೇಸ್‌ಗೆ ಹೋಗಿ ಬಂದಿದ್ದೇನೆ. ಒಂದು ಭಂಡಾರ ಇನ್ನೊಂದಕ್ಕಿಂತ ದೊಡ್ಡದೇ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ನಿಮ್ಮ ಕೈಯಲ್ಲಿರುವ ಪ್ರಶ್ನೆ ಯಾವ ಜಾತಿಯದು ಎಂಬುದನ್ನು ಮೊದಲು ನೋಡಬೇಕು. ನೂಲು, ನೆಯ್ದ ಬಟ್ಟೆ, ಹೊಲಿದ ಅಂಗಿ ಮೂರೂ ಹತ್ತಿಯವೇ, ಆದರೆ ಚಳಿಯಾದಾಗ ಯಾರೂ ನೂಲಿನ ಲಡಿಯನ್ನು ಹೊದೆಯುವುದಿಲ್ಲ. ಒಂದೊಂದು ಅಧ್ಯಯನವೂ ನೂಲು. ಹಲವು ಅಧ್ಯಯನಗಳನ್ನು ಕೂಡಿಸಿ ತೂಗಿ ನೋಡಿದ ಪರಾಮರ್ಶೆ ಬಟ್ಟೆ. ಸಾಮಾನ್ಯ ಓದುಗರಿಗಾಗಿ ಬರೆದ ವಿವರಣೆ ಅಂಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಭಂಡಾರಗಳಲ್ಲಿ ಹುಡುಕುವುದಕ್ಕೆ ಕಾಯಿಲೆಯ ಇಂಗ್ಲಿಷ್ ಹೆಸರು ಬೇಕಾಗುತ್ತದೆ. ವರದಿಯಲ್ಲಿರುವ ಪದವನ್ನು ಅಕ್ಷರ ತಪ್ಪದಂತೆ ಬರೆದಿಟ್ಟುಕೊಳ್ಳಿ. ಔಷಧವಾದರೆ ಕಂಪನಿಯ ಹೆಸರನ್ನು ಬಿಟ್ಟು, ಪೊಟ್ಟಣದ ಮೇಲೆ ಸಣ್ಣದಾಗಿ ಅಚ್ಚಾಗಿರುವ ಮೂಲ ಹೆಸರನ್ನು ಬಳಸಿ. ಮೂಲ ಹೆಸರಿನಲ್ಲೂ ಒಂದು ತೊಡಕಿದೆ: ಬಹುಪಾಲು ದೇಶಗಳಲ್ಲಿ ಪ್ಯಾರಾಸಿಟಮಾಲ್ ಎನ್ನುವುದನ್ನು ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್ ಆಗುತ್ತದೆ. ಅಮೆರಿಕದ ತಾಣದಲ್ಲಿ ಹುಡುಕಿ ಏನೂ ಸಿಗದಿದ್ದರೆ ಮೊದಲ ಅನುಮಾನ ಹೆಸರಿನ ಮೇಲೆಯೇ ಇರಲಿ.

ಮೊದಲ ದಿನಕ್ಕೆ ಮೆಡ್‌ಲೈನ್‌ಪ್ಲಸ್

ಮನೆಯಲ್ಲಿ ಯಾರಿಗಾದರೂ ಹೊಸದಾಗಿ ರೋಗ ಪತ್ತೆಯಾದಾಗ ಎಲ್ಲಿಂದ ಶುರುಮಾಡಲಿ ಎಂದು ಕೇಳಿದವರಿಗೆ ನಾನು ಹಿಂದೆಮುಂದೆ ನೋಡದೆ ಹೇಳುವ ಹೆಸರು ಮೆಡ್‌ಲೈನ್‌ಪ್ಲಸ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ಇದನ್ನು ನಡೆಸುತ್ತಿದೆ. ಜಾಹೀರಾತಿಲ್ಲ, ಯಾವ ಔಷಧ ಕಂಪನಿಯ ಪರವಾದ ಮಾತೂ ಇಲ್ಲ. ಕಾಯಿಲೆ, ಔಷಧ, ಪ್ರಯೋಗಾಲಯದ ಪರೀಕ್ಷೆ ಎಲ್ಲಕ್ಕೂ ಪ್ರತ್ಯೇಕ ಪುಟಗಳಿವೆ. ಪರೀಕ್ಷೆಗಳ ವಿಭಾಗವನ್ನು ಹೆಚ್ಚು ಜನ ಗಮನಿಸುವುದಿಲ್ಲ, ಆದರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ರಕ್ತಪರೀಕ್ಷೆಯ ಅಂಕಿಯೊಂದರ ಎದುರು ನಕ್ಷತ್ರದ ಗುರುತು ಬಿದ್ದಿದ್ದರೆ ಆ ಪರೀಕ್ಷೆ ಏನನ್ನು ಅಳೆಯುತ್ತದೆ, ಏಕೆ ಮಾಡಿಸುತ್ತಾರೆ, ಏರಿಳಿತಕ್ಕೆ ಏನೇನು ಕಾರಣಗಳಿರಬಹುದು ಎಂಬುದು ಅಲ್ಲಿ ಸರಳವಾಗಿ ಸಿಗುತ್ತದೆ.

ತಂದೆಯವರ ವಿಷಯದಲ್ಲಿ ನನ್ನ ಭಯವನ್ನು ಇಳಿಸಿದ್ದು ಇದರ ಒಂದು ಪುಟ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಅದುರುತ್ತಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಹಾಗಾಗಿಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಬಡಿತದ ಕಾಯಿಲೆಗೆ ರಕ್ತದ ಮಾತ್ರೆ ಏಕೆ ಎಂಬ ನನ್ನ ಗೊಂದಲ ಹತ್ತು ನಿಮಿಷದಲ್ಲಿ ಕರಗಿತು.

ಇದರ ಮಿತಿಯೂ ಅಷ್ಟೇ ಸ್ಪಷ್ಟ. ‘ಎರಡು ಮಾತ್ರೆಗಳಲ್ಲಿ ಯಾವುದು ಮೇಲು’ ಎಂದು ಕೇಳಿದರೆ ಮೆಡ್‌ಲೈನ್‌ಪ್ಲಸ್ ಅಂಕಿಅಂಶ ಕೊಟ್ಟು ವಾದಿಸುವುದಿಲ್ಲ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಹೋಲಿಕೆಯ ಪ್ರಶ್ನೆಗೆ ಕಾಕ್ರೇನ್

‘ಈ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ’, ‘ಅದಕ್ಕಿಂತ ಇದು ಒಳ್ಳೆಯದೇ’ ಎಂಬ ಪ್ರಶ್ನೆಗಳಿಗೆ ಕಾಕ್ರೇನ್ ಲೈಬ್ರರಿಯಷ್ಟು ನೇರವಾದ ಉಚಿತ ಆಕರ ನನಗೆ ಬೇರೆ ಕಂಡಿಲ್ಲ. ಪರಾಮರ್ಶೆಗಳ ಈ ಸಂಗ್ರಹ ಆರ್ಚಿ ಕಾಕ್ರೇನ್ ಎಂಬ ಸ್ಕಾಟ್ಲೆಂಡ್ ಮೂಲದ ವೈದ್ಯರ ಹೆಸರನ್ನು ಹೊತ್ತಿದೆ. ಚಿಕಿತ್ಸೆಗಳನ್ನು ಸರಿಯಾದ ಪ್ರಯೋಗಗಳಿಂದಲೇ ಪರೀಕ್ಷಿಸಬೇಕು, ಅವುಗಳ ಫಲಿತಾಂಶಗಳನ್ನು ಒಟ್ಟುಗೂಡಿಸಬೇಕು ಎಂದು ಅವರು 1970ರ ದಶಕದಲ್ಲಿ ಪಟ್ಟುಹಿಡಿದು ಹೇಳಿದರು. ಸಂಸ್ಥೆ ಹುಟ್ಟಿದ್ದು ಅವರು ತೀರಿಕೊಂಡ ಐದು ವರ್ಷಗಳ ನಂತರ, 1993ರಲ್ಲಿ.

ಅದರ ಲಾಂಛನವನ್ನು ಒಮ್ಮೆ ನಿಂತು ನೋಡಿ. ಅಡ್ಡಗೆರೆಗಳ ಆ ಚಿತ್ರ ಒಂದು ನಿಜವಾದ ಪರಾಮರ್ಶೆಯ ನಕ್ಷೆ. ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗು ಉಳಿಯುವ ಸಾಧ್ಯತೆ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಿದ ಪ್ರಯೋಗಗಳವು. ಮೊದಲ ಪ್ರಯೋಗದ ಫಲಿತಾಂಶ 1972ರಲ್ಲೇ ಬಂದಿತ್ತು. ಎಲ್ಲವನ್ನೂ ಒಂದೆಡೆ ತಂದ ವ್ಯವಸ್ಥಿತ ಪರಾಮರ್ಶೆ ಪ್ರಕಟವಾಗಲು 1989ರವರೆಗೆ ಕಾಯಬೇಕಾಯಿತು. ಉತ್ತರ ಬಿಡಿಬಿಡಿಯಾಗಿ ಚದುರಿ ಬಿದ್ದಿದ್ದ ಆ ವರ್ಷಗಳಲ್ಲಿ ಎಷ್ಟೋ ವೈದ್ಯರಿಗೆ ಅದರ ಲಾಭ ತಿಳಿದಿರಲಿಲ್ಲ, ಎಷ್ಟೋ ಶಿಶುಗಳಿಗೆ ಆ ಮದ್ದು ಸಿಗಲಿಲ್ಲ. ಪರಾಮರ್ಶೆಯನ್ನು ಬಿಡಿ ಪ್ರಬಂಧಕ್ಕಿಂತ ಮೊದಲು ಹುಡುಕಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವುದಕ್ಕೆ ಹಳೆಯ ವಾರ್ಫರಿನ್ ಮತ್ತು ಹೊಸ ಪೀಳಿಗೆಯ ಮಾತ್ರೆಗಳ ನಡುವೆ ಆಯ್ಕೆ ಎಂದು ವೈದ್ಯರು ಹೇಳಿದಾಗ ನಾನು ಕಾಕ್ರೇನ್‌ನಲ್ಲಿ ಹುಡುಕಿದೆ. ಅಪಿಕ್ಸಬಾನ್, ರಿವರೊಕ್ಸಬಾನ್ ಮೊದಲಾದವನ್ನು ಹಳೆಯ ಮಾತ್ರೆಯ ಜೊತೆ ಹೋಲಿಸಿದ ಪರಾಮರ್ಶೆ ಸಿಕ್ಕಿತು. ಪಾರ್ಶ್ವವಾಯುವಿನ ವಿಷಯದಲ್ಲೂ ಮಿದುಳಿನ ರಕ್ತಸ್ರಾವದ ವಿಷಯದಲ್ಲೂ ಹೊಸವು ಮೇಲು ಎಂಬುದು ಅದರ ತೀರ್ಮಾನ. ಆದರೆ ಓದುವಾಗ ತೀರ್ಮಾನದ ಜೊತೆಗೆ ಎರಡು ಸಂಗತಿಗಳನ್ನು ಹುಡುಕಿ ನೋಡಬೇಕು. ಒಂದು, ಪುರಾವೆಯ ಖಚಿತತೆ ಎಷ್ಟು ಎಂಬ ಅಳತೆ: ಹೆಚ್ಚು, ಮಧ್ಯಮ, ಕಡಿಮೆ, ಬಹಳ ಕಡಿಮೆ ಎಂದು ನಾಲ್ಕು ಮೆಟ್ಟಿಲುಗಳಲ್ಲಿ ಅದನ್ನು ಹೇಳಿರುತ್ತಾರೆ. ಎರಡು, ಯಾವ ದಿನಾಂಕದವರೆಗಿನ ಅಧ್ಯಯನಗಳನ್ನು ಪರಿಗಣಿಸಿದ್ದಾರೆ ಎಂಬುದು. ಪರಾಮರ್ಶೆ ಪ್ರಕಟವಾದ ವರ್ಷ ಬೇರೆ, ಹುಡುಕಾಟ ನಿಂತ ದಿನ ಬೇರೆ.

ಕಾಕ್ರೇನ್ ಓದುವವರಿಗೆ ಆಗುವ ಸಾಮಾನ್ಯ ನಿರಾಸೆ, ‘ಸಾಕಷ್ಟು ಪುರಾವೆ ಇಲ್ಲ’ ಎಂಬ ಕೊನೆಯ ಸಾಲು. ಅದನ್ನೂ ಉತ್ತರವೆಂದೇ ಎಣಿಸಿ. ಯಾರಾದರೂ ಆ ಚಿಕಿತ್ಸೆಯ ಬಗ್ಗೆ ಎದೆತಟ್ಟಿ ಭರವಸೆ ಕೊಡುತ್ತಿದ್ದರೆ ಆ ಒಂದು ಸಾಲು ನಿಮ್ಮನ್ನು ಕಾಯುತ್ತದೆ.

ಉಚಿತ ಎನ್ನುವಲ್ಲಿ ಇಲ್ಲೊಂದು ಷರತ್ತಿದೆ. ಸಾರಾಂಶ ಮತ್ತು ಸರಳ ಭಾಷೆಯ ಸಂಕ್ಷಿಪ್ತ ರೂಪ ಎಲ್ಲರಿಗೂ ಯಾವಾಗಲೂ ತೆರೆದಿರುತ್ತವೆ. ಪೂರ್ಣಪಾಠ ಕೆಲವರಿಗೆ ತಕ್ಷಣ ಸಿಗುತ್ತದೆ, ಕೆಲವರಿಗೆ ಪ್ರಕಟವಾಗಿ ಹನ್ನೆರಡು ತಿಂಗಳ ನಂತರ. ಸಾಮಾನ್ಯ ಓದುಗರಿಗೆ ಸಂಕ್ಷಿಪ್ತ ರೂಪವೇ ಸಾಕಾಗುತ್ತದೆ. ತೀರಾ ಅಪರೂಪದ ಕಾಯಿಲೆಗಾಗಲಿ, ಮೊನ್ನೆ ಬಂದ ಔಷಧಕ್ಕಾಗಲಿ ಕಾಕ್ರೇನ್‌ನಲ್ಲಿ ಏನೂ ಸಿಗದೆ ಇರಬಹುದು. ಚಿಲಿ ದೇಶದಲ್ಲಿ ನೆಲೆಯಿರುವ ಎಪಿಸ್ಟೆಮೊನಿಕೋಸ್ ಕಾಕ್ರೇನ್‌ನ ಆಚೆಗಿನ ಪರಾಮರ್ಶೆಗಳನ್ನೂ ಕಲೆಹಾಕುತ್ತದೆ. ಅಲ್ಲೊಮ್ಮೆ ನೋಡಿ, ಆಮೇಲೆ ಪಬ್‌ಮೆಡ್‌ಗೆ ಹೋಗಿ.

ಪಬ್‌ಮೆಡ್: ಆಳವೂ ಇದೆ, ಸುಳಿಯೂ ಇದೆ

ಪಬ್‌ಮೆಡ್ 1996ರಲ್ಲಿ ಆರಂಭವಾಗಿ ಮರುವರ್ಷ ಎಲ್ಲರಿಗೂ ಉಚಿತವಾಯಿತು. ಈಗ ಅದರಲ್ಲಿ 3.7 ಕೋಟಿಗೂ ಹೆಚ್ಚು ಪ್ರಬಂಧಗಳ ವಿವರಗಳಿವೆ. ‘ವಿವರ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಪಬ್‌ಮೆಡ್ ಪ್ರಬಂಧಗಳ ಸೂಚಿ. ಶೀರ್ಷಿಕೆ, ಲೇಖಕರು, ಸಾರಾಂಶ ಇರುತ್ತವೆ. ಪೂರ್ಣಪಾಠ ಬೇರೆಡೆ ಇರುತ್ತದೆ, ಕೆಲವೊಮ್ಮೆ ಹಣ ತೆತ್ತು ಪಡೆಯಬೇಕಾಗುತ್ತದೆ.

ಇದರ ನಿಜವಾದ ಶಕ್ತಿ ಇರುವುದು ವಿಷಯಸೂಚಕ ಪದಗಳಲ್ಲಿ. 1960ರಲ್ಲಿ ರೂಪುಗೊಂಡ ‘ಮೆಶ್’ ಎಂಬ ಪದಕೋಶದ ಮೂಲಕ ಪ್ರಬಂಧಗಳಿಗೆ ಗುರುತಿನ ಪದಗಳನ್ನು ಅಂಟಿಸುತ್ತಾರೆ. ನೀವು ‘ಹಾರ್ಟ್ ಅಟ್ಯಾಕ್’ ಎಂದು ಹಾಕಿದರೂ ಪಬ್‌ಮೆಡ್ ಅದನ್ನು ‘ಮೈಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂದು ಅರ್ಥಮಾಡಿಕೊಂಡು ಎರಡನ್ನೂ ಹುಡುಕುತ್ತದೆ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಈ ಅನುವಾದ ನಿಂತುಹೋಗುತ್ತದೆ. ಹೊಸಬರು ಹೆಚ್ಚು ನಿಖರವಾಗಲಿ ಎಂದು ಚಿಹ್ನೆ ಹಾಕುತ್ತಾರೆ. ಬೇಕಾದ ಪ್ರಬಂಧಗಳು ಸದ್ದಿಲ್ಲದೆ ಕೈತಪ್ಪುತ್ತವೆ.

ಪ್ರಶ್ನೆಯನ್ನು ಒಡೆದು ಹಾಕುವುದನ್ನು ಕಲಿತರೆ ಪಬ್‌ಮೆಡ್ ಪಳಗುತ್ತದೆ. ಯಾರಿಗೆ, ಯಾವ ಚಿಕಿತ್ಸೆ, ಯಾವುದರ ಜೊತೆ ಹೋಲಿಕೆ, ಯಾವ ಫಲ ಎಂದು ನಾಲ್ಕು ತುಂಡು ಮಾಡಿ. ತಂದೆಯವರ ಮೂತ್ರಪಿಂಡದ ಶಕ್ತಿ ಕುಗ್ಗಿತ್ತು. ಕಾಯಿಲೆಯ ಹೆಸರು, ಅಪಿಕ್ಸಬಾನ್, ವಾರ್ಫರಿನ್, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಈ ನಾಲ್ಕನ್ನೂ ದೊಡ್ಡಕ್ಷರದ ‘ಆ್ಯಂಡ್’ (AND) ಪದದಿಂದ ಜೋಡಿಸಿದೆ. ಎಡಬದಿಯ ಸೋಸುಪಟ್ಟಿಯಲ್ಲಿ ‘ವ್ಯವಸ್ಥಿತ ಪರಾಮರ್ಶೆ’ ಮತ್ತು ‘ಯಾದೃಚ್ಛಿಕ ನಿಯಂತ್ರಿತ ಪ್ರಯೋಗ’ (ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಚಿಕಿತ್ಸೆಗಳನ್ನು ಹೋಲಿಸುವುದು) ಎಂಬ ಅರ್ಥದ ಎರಡು ಆಯ್ಕೆಗಳನ್ನು ಗುರುತು ಹಾಕಿದೆ. ಮೊದಲ ರಾತ್ರಿಯ ಸಾವಿರಾರು ಪ್ರಬಂಧಗಳ ಜಾಗದಲ್ಲಿ ಓದಿ ಮುಗಿಸಬಹುದಾದಷ್ಟು ಮಾತ್ರ ಉಳಿದವು.

ಸೋಸುವುದು ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಬೀಟಾ ಕ್ಯಾರೋಟಿನ್‌ನ ಕಥೆ ನೆನಪಾಗುತ್ತದೆ. ಅದು ಹೇರಳವಾಗಿರುವ ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಜನರನ್ನು ಗಮನಿಸಿದ ಅಧ್ಯಯನಗಳು ತೋರಿಸಿದ್ದವು. ಫಿನ್ಲೆಂಡ್‌ನಲ್ಲಿ ಧೂಮಪಾನ ಮಾಡುವ ಸುಮಾರು 29,000 ಗಂಡಸರ ಮೇಲೆ ನಿಜವಾಗಿ ಪ್ರಯೋಗ ನಡೆಸಿದಾಗ, 1994ರಲ್ಲಿ ಬಂದ ಫಲಿತಾಂಶ ತಿರುಗಾಮುರುಗ: ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಎರಡು ಬಗೆಯ ಅಧ್ಯಯನಗಳೂ ಪಬ್‌ಮೆಡ್‌ನಲ್ಲಿ ಒಂದೇ ಅಕ್ಷರಗಾತ್ರದಲ್ಲಿ, ಒಂದೇ ಗೌರವದಲ್ಲಿ ಕಾಣಿಸುತ್ತವೆ. ಯಾವುದಕ್ಕೆ ಎಷ್ಟು ತೂಕ ಎಂದು ಅದು ಹೇಳುವುದಿಲ್ಲ. ‘ಪಬ್‌ಮೆಡ್‌ನಲ್ಲಿದೆ’ ಎಂಬುದನ್ನೇ ಪ್ರಮಾಣಪತ್ರದಂತೆ ಮುಂದಿಡುವ ಬರಹಗಳನ್ನು ನೋಡಿದಾಗ ನನಗೆ ಸಂಕಟವಾಗುವುದು ಅದಕ್ಕೇ.

ಪೂರ್ಣಪಾಠ ಬೇಕಾದಾಗ

ಹೆಸರು ಹತ್ತಿರವಿರುವುದರಿಂದ ಪಬ್‌ಮೆಡ್ ಮತ್ತು ಪಬ್‌ಮೆಡ್ ಸೆಂಟ್ರಲ್ ಒಂದೇ ಎಂದುಕೊಳ್ಳುವವರು ಬಹಳ. ಪಿಎಂಸಿ ಎಂದು ಕರೆಯುವ ಎರಡನೆಯದು 2000ದಲ್ಲಿ ತೆರೆದ ಪೂರ್ಣಪಾಠಗಳ ಸಂಗ್ರಹ; ಅಲ್ಲಿರುವುದೆಲ್ಲವನ್ನೂ ಕೊನೆಯ ಸಾಲಿನವರೆಗೆ ಉಚಿತವಾಗಿ ಓದಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಹಣದಿಂದ ನಡೆದ ಸಂಶೋಧನೆಗಳು ಇಲ್ಲಿಗೆ ಬರಲೇಬೇಕೆಂಬ ನಿಯಮವಿದೆ. ಹಿಂದೆ ಒಂದು ವರ್ಷದವರೆಗೆ ತಡೆಹಿಡಿಯಲು ಅವಕಾಶವಿತ್ತು, 2025ರ ಜುಲೈಯಿಂದ ಅದನ್ನು ತೆಗೆದಿದ್ದಾರೆ.

ಇಂಗ್ಲೆಂಡ್‌ನ ಹಿಂಕ್ಸ್‌ಟನ್‌ನಿಂದ ನಡೆಯುವ ಯೂರೋಪ್ ಪಿಎಂಸಿ ಇದರ ಸೋದರ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಯೂರೋಪ್ ಪಿಎಂಸಿಯನ್ನೇ ಆರಿಸುತ್ತೇನೆ. ಪಬ್‌ಮೆಡ್‌ನ ಸಾರಾಂಶಗಳು, ಪೂರ್ಣಪಾಠಗಳು, ಪ್ರೀಪ್ರಿಂಟ್‌ಗಳು ಒಂದೇ ಹುಡುಕಾಟದಲ್ಲಿ ಸಿಗುತ್ತವೆ. ಪ್ರಬಂಧದ ಒಳಗಿನ ವಾಕ್ಯಗಳಲ್ಲೂ ಹುಡುಕಬಹುದು. ಸಾರಾಂಶದಲ್ಲಿ ಬಾರದ ಅಡ್ಡಪರಿಣಾಮವೊಂದು ಕೋಷ್ಟಕದ ಮೂಲೆಯಲ್ಲಿ ಅಡಗಿದ್ದರೆ ಅದನ್ನು ಹೊರತೆಗೆಯಲು ಇದು ಒಳ್ಳೆಯ ದಾರಿ. ಪ್ರೀಪ್ರಿಂಟ್ ಎಂದರೆ ಇತರ ತಜ್ಞರ ಪರಿಶೀಲನೆಗೆ ಮೊದಲೇ ಹೊರಬಂದ ಕರಡು. ಯೂರೋಪ್ ಪಿಎಂಸಿ ಅದಕ್ಕೆ ಪ್ರತ್ಯೇಕ ಗುರುತು ಹಾಕುತ್ತದೆ. 2019ರಲ್ಲಿ ಶುರುವಾದ ಮೆಡ್‌ಆರ್‌ಕೈವ್‌ನಲ್ಲಂತೂ ಇರುವುದೆಲ್ಲ ಕರಡೇ. ಸಂಶೋಧಕರಿಗೆ ಅದು ಅಮೂಲ್ಯ. ಮನೆಯವರ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಿರುವವರು ಅದನ್ನು ಬದಿಗಿಡುವುದು ಒಳ್ಳೆಯದು.

ಗೂಗಲ್ ಸ್ಕಾಲರ್ ಕೈಹಿಡಿಯುವಲ್ಲಿ, ಕೈಬಿಡುವಲ್ಲಿ

2004ರ ನವೆಂಬರ್‌ನಲ್ಲಿ ಬಂದ ಗೂಗಲ್ ಸ್ಕಾಲರ್ ಎಲ್ಲರಿಗೂ ಪರಿಚಿತ. ಮಹಾಪ್ರಬಂಧ, ಸರ್ಕಾರಿ ವರದಿ, ಸಮ್ಮೇಳನದ ಲೇಖನ ಎಲ್ಲವೂ ಅದರ ಬಲೆಗೆ ಬೀಳುತ್ತವೆ. ಒಂದು ಪ್ರಬಂಧದ ಹೆಸರು ಗೊತ್ತಿದ್ದು ಅದರ ಉಚಿತ ಪ್ರತಿ ಬೇಕಾಗಿದ್ದರೆ ನಾನು ನೇರವಾಗಿ ಇಲ್ಲಿಗೇ ಬರುತ್ತೇನೆ. ಹಲವು ಫಲಿತಾಂಶಗಳ ಕೆಳಗೆ ‘ಎಲ್ಲ ಆವೃತ್ತಿಗಳು’ ಎಂಬ ಅರ್ಥದ ಕೊಂಡಿ ಇರುತ್ತದೆ. ಪ್ರಕಾಶಕರ ತಾಣದಲ್ಲಿ ಬೀಗ ಹಾಕಿರುವ ಪ್ರಬಂಧ ಲೇಖಕರ ವಿಶ್ವವಿದ್ಯಾಲಯದ ಪುಟದಲ್ಲಿ ತೆರೆದಿರುವುದು ಅಲ್ಲಿ ಕಾಣಬಹುದು.

ಆದರೆ ಆರೋಗ್ಯದ ಪ್ರಶ್ನೆಯನ್ನು ಇಲ್ಲಿಂದ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ. ಯಾವ ಯಾವ ಜರ್ನಲ್‌ಗಳನ್ನು ಸೇರಿಸಿದ್ದೇವೆ ಎಂಬ ಪಟ್ಟಿಯನ್ನು ಅದು ಕೊಡುವುದಿಲ್ಲ. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಜರ್ನಲ್‌ಗಳೂ ಒಳಗೆ ಬಂದಿವೆ. ಹೆಚ್ಚು ಉಲ್ಲೇಖಗೊಂಡದ್ದು ಮೇಲೆ ಬರುವುದರಿಂದ ಹಳೆಯ ಪ್ರಬಂಧಗಳಿಗೆ ಮೇಲುಗೈ. ಪ್ರಯೋಗವೋ ಗಮನಿಸಿ ಬರೆದದ್ದೋ ಎಂದು ಸೋಸುವ ಅನುಕೂಲವೂ ಇಲ್ಲ. ಎಲ್ಲಕ್ಕಿಂತ ನನಗೆ ಕಳವಳ ತರುವುದು ಹಿಂತೆಗೆದುಕೊಂಡ ಪ್ರಬಂಧಗಳ ವಿಷಯ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭೀತಿ ಹುಟ್ಟಿಸಿದ ಪ್ರಬಂಧ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿತ್ತು, 2010ರಲ್ಲಿ ಆ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಪಬ್‌ಮೆಡ್‌ನಲ್ಲಿ ತೆರೆದರೆ ಹಿಂತೆಗೆದುಕೊಂಡ ಸೂಚನೆ ಎದ್ದು ಕಾಣುವಂತೆ ಮೇಲೆಯೇ ಇರುತ್ತದೆ. ಎಲ್ಲೆಲ್ಲಿಯೋ ಉಳಿದಿರುವ ಹಳೆಯ ಪಿಡಿಎಫ್ ಪ್ರತಿಯ ಮೇಲೆ ಅಂಥ ಸೂಚನೆ ಇರಬೇಕೆಂದೇನಿಲ್ಲ. ಹಾಗಾಗಿ ಸ್ಕಾಲರ್‌ನಲ್ಲಿ ಸಿಕ್ಕಿದ್ದನ್ನು ಪಬ್‌ಮೆಡ್‌ನಲ್ಲಿ ಮರಳಿ ನೋಡಿ. ಮಾತನಾಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಕೊಡುವ ಪ್ರಬಂಧಗಳ ಹೆಸರುಗಳಿಗೂ ಇದೇ ಮಾತು. ಅವುಗಳಲ್ಲಿ ಇಲ್ಲದ ಪ್ರಬಂಧಗಳೂ ಸೇರಿಕೊಳ್ಳುತ್ತವೆ.

ಇನ್ನೂ ನಡೆಯುತ್ತಿರುವ ಪ್ರಯೋಗಗಳು

ಜನರ ಮೇಲೆ ನಡೆಯುವ ವೈದ್ಯಕೀಯ ಪ್ರಯೋಗಗಳನ್ನು ನೋಂದಾಯಿಸುವ ಅಮೆರಿಕ ಸರ್ಕಾರದ ತಾಣ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ 2000ದಲ್ಲಿ ತೆರೆಯಿತು, ಈಗ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಧ್ಯಯನಗಳ ದಾಖಲೆಯಿದೆ. ಬೇರೆ ಬೇರೆ ದೇಶಗಳ ನೋಂದಣಿಗಳನ್ನು ಒಟ್ಟಿಗೆ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ಇದೆ. ಪ್ರಯೋಗ ಶುರುವಾಗುವ ಮೊದಲೇ ಅದರ ಉದ್ದೇಶವನ್ನು ಬರೆದಿಡುವುದರಿಂದ, ಕೊನೆಗೆ ಬೇರೆ ಯಾವುದೋ ಅಂಶದಲ್ಲಿ ಕಂಡ ಲಾಭವನ್ನು ಮುಂದುಮಾಡಿದ್ದಾರೆಯೇ ಎಂದು ಯಾರು ಬೇಕಾದರೂ ಹೋಲಿಸಿ ನೋಡಬಹುದು.

ರೋಗಿಯ ಕಡೆಯವರಿಗೆ ಇಲ್ಲಿನ ಅತ್ಯಂತ ಬೆಲೆಬಾಳುವ ಭಾಗ ‘ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಹೊರಗಿಡುತ್ತಾರೆ’ ಎಂಬ ಪಟ್ಟಿ. ಅಪಿಕ್ಸಬಾನ್‌ಗೆ ಹೆಸರು ತಂದ, 2011ರಲ್ಲಿ ಪ್ರಕಟವಾದ ಅರಿಸ್ಟಾಟಲ್ ಪ್ರಯೋಗದಲ್ಲಿ 18,201 ರೋಗಿಗಳಿದ್ದರು. ಮೂತ್ರಪಿಂಡ ತೀವ್ರವಾಗಿ ಕೆಟ್ಟವರನ್ನು, ಅಂದರೆ ರಕ್ತದಲ್ಲಿ ಕ್ರಿಯೇಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ಡೆಸಿಲೀಟರ್‌ಗೆ 2.5 ಮಿಲಿಗ್ರಾಂ ಮೀರಿದವರನ್ನು, ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ತಂದೆಯವರ ಅಂಕಿ ಅದಕ್ಕಿಂತ ಕೆಳಗಿತ್ತು ಎಂದು ತಿಳಿದಾಗಲೇ ಆ ಫಲಿತಾಂಶ ನಮಗೂ ಸಂಬಂಧಪಟ್ಟದ್ದು ಎಂಬ ಧೈರ್ಯ ಬಂದದ್ದು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಅಲ್ಲಿ ಹೆಸರು ದಾಖಲಾಗಿದೆ ಎಂದರೆ ಸರ್ಕಾರ ಪರಿಶೀಲಿಸಿ ಒಪ್ಪಿದೆ ಎಂದಲ್ಲ. ತಾಣವೇ ಹಾಗೆಂದು ಬರೆದಿದೆ. ರೋಗಿಯಿಂದಲೇ ಹಣ ಪಡೆಯುವ ಅಧ್ಯಯನಗಳೂ ಅಲ್ಲಿ ಸೇರಿಕೊಂಡಿವೆ. ಕೊನೆಯ ಆಸೆ ಹಿಡಿದು ಹುಡುಕುವವರು ಇಂಥಲ್ಲಿ ಮೋಸಹೋಗದಿರಲಿ.

ಕಿರಿದಾದ, ಆದರೆ ಹರಿತವಾದ ಕೆಲವು

ಮಗುವಿಗೆ ಹಾಲೂಡಿಸುವ ತಾಯಿ ಯಾವ ಮಾತ್ರೆ ನುಂಗಬಹುದು ಎಂಬ ಒಂದೇ ಪ್ರಶ್ನೆಗೆ ಮೀಸಲಾದದ್ದು ಲ್ಯಾಕ್ಟ್‌ಮೆಡ್. ಔಷಧ ಎದೆಹಾಲಿಗೆ ಎಷ್ಟು ಸೇರುತ್ತದೆ, ಮಗುವಿನ ಮೇಲೆ ಏನು ಪರಿಣಾಮ ಕಂಡಿದೆ, ಬದಲಿಗೆ ಏನಿದೆ ಎಂದು ಹೇಳುತ್ತದೆ. ಅಪರೂಪದ ಕಾಯಿಲೆಗಳಿಗೆ ಫ್ರಾನ್ಸ್‌ನಲ್ಲಿ 1997ರಲ್ಲಿ ಆರಂಭವಾದ ಆರ್ಫನೆಟ್. ಮೂತ್ರಪಿಂಡಕ್ಕೆ ತಕ್ಕಂತೆ ಪ್ರಮಾಣ ಇಳಿಸಬೇಕೇ ಎಂಬಂಥ ಪ್ರಶ್ನೆಗೆ, ಅಮೆರಿಕದಲ್ಲಿ ಮಾರಾಟವಾಗುವ ಔಷಧಗಳ ಅಧಿಕೃತ ವಿವರಪತ್ರಗಳಿರುವ ಡೈಲಿಮೆಡ್. ವೈದ್ಯರು ಯಾವ ಕ್ರಮ ಅನುಸರಿಸಬೇಕು ಎಂಬ ಮಾರ್ಗಸೂಚಿಗೆ ಬ್ರಿಟನ್ನಿನ ನೈಸ್ (NICE) ಎಂಬ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಾಣಗಳು.

ಅಂಕಿ ಓದುವಾಗ

ಭಂಡಾರ ಯಾವುದಾದರೂ ಇರಲಿ, ‘ಅಪಾಯ ದುಪ್ಪಟ್ಟು’ ಎಂಬಂಥ ಮಾತು ಕಂಡರೆ, ಯಾವುದರ ದುಪ್ಪಟ್ಟು ಎಂದು ಕೇಳಿ. 1995ರಲ್ಲಿ ಬ್ರಿಟನ್ನಿನಲ್ಲಿ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಹೊರಬಿತ್ತು. ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗಿತ್ತು. ಆ ಎರಡನೆಯ ಲೆಕ್ಕವನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಹೆದರಿದ ಮಹಿಳೆಯರು ಮಾತ್ರೆ ಬಿಟ್ಟರು, ಮರುವರ್ಷ ಗರ್ಭಪಾತಗಳು ಏರಿದವು.

ವೈದ್ಯರ ಬಳಿ ಹೋಗುವಾಗ ನಾನು ಈಗ ಪ್ರಬಂಧಗಳ ಕಟ್ಟನ್ನು ಒಯ್ಯುವುದಿಲ್ಲ, ಓದಿದ್ದರ ಬಲದಿಂದ ಮಾತ್ರೆಯನ್ನು ಬದಲಿಸುವುದೂ ಇಲ್ಲ. ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ಬರೆದು, ಪ್ರತಿಯೊಂದರ ಪಕ್ಕದಲ್ಲಿ ಆ ಪ್ರಶ್ನೆ ಹುಟ್ಟಿಸಿದ ಪ್ರಬಂಧದ ಪಬ್‌ಮೆಡ್ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುತ್ತೇನೆ. ಸಾರಾಂಶದ ಪುಟದಲ್ಲಿ ಶೀರ್ಷಿಕೆಯ ಬಳಿ ‘ಪಿಎಂಐಡಿ’ ಎಂದು ಅದು ಇರುತ್ತದೆ. ಆ ಅಂಕಿಗಳನ್ನು ಪಬ್‌ಮೆಡ್‌ನ ಹುಡುಕುಪೆಟ್ಟಿಗೆಗೆ ಹಾಕಿದರೆ ಪ್ರಬಂಧ ನೇರವಾಗಿ ತೆರೆದುಕೊಳ್ಳುತ್ತದೆ, ವೈದ್ಯರು ಅಲ್ಲಿಯೇ ನೋಡಿ ಉತ್ತರಿಸಬಹುದು.